ನಾಲ್ಕೂ ಗಾಲಿ ತಿರುಗಿದರೂ ತಿರುವು ತಿರುವೇ



ಇವತ್ತಿನ ಪೋಸ್ಟ್ ಸ್ವಲ್ಪ ಉದ್ದ ಐತಿ. ಮನವಿ, ಮೆರವಣಿಗೆ, ಮೀಸಲಾತಿ ಬಗ್ಗೆ ಅಲ್ಲ, ಗಾಡಿ ಹೊಡೆಯೋದರ ಬಗ್ಗೆ. "ಇದೇನಣ್ಣಾ, ಹೋರಾಟ ಬಿಟ್ಟು ಡ್ರೈವಿಂಗ್ ಸ್ಕೂಲ್ ಚಾಲೂ ಮಾಡಿದ್ರೇನು" ಅಂತ ಕಾಮೆಂಟ್ ಹಾಕೋರು ಪೂರ್ತಿ ಓದಿ ಆಮೇಲೆ ಹಾಕ್ರಿ.

ಹೋದ ಮಳೆಗಾಲದಿಂದ ಒಂದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರು ನಮ್ಮ ಕೇರಿಯ ಹುಡುಗರು, ಗದಗ, ಮುಂಡರಗಿ, ಶಿರಹಟ್ಟಿ ಕಡೆಯ ಡ್ರೈವರ್ ಗೆಳೆಯರು. "ಅಣ್ಣಾ, ಫೋರ್ ಬೈ ಫೋರ್ ಗಾಡಿ ತಿರುವಿನ್ಯಾಗ ಜಾರಂಗಿಲ್ಲ ಹೌದಲ್ಲ?" ನನ್ನ ಉತ್ತರ ಒಂದೇ: ಜಾರತೈತಿ. ಎರಡು ಗಾಲಿ ಎಳೆಯೋ ಗಾಡಿ ಎಷ್ಟು ವೇಗಕ್ಕೆ ಜಾರತೈತೋ, ಹೆಚ್ಚುಕಮ್ಮಿ ಅಷ್ಟೇ ವೇಗಕ್ಕೆ ಇದೂ ಜಾರತೈತಿ. ಅದು ಯಾಕೆ, ಆಗ ಏನು ಮಾಡಬೇಕು, ಇದು ನಮ್ಮ ಜನರ ಪ್ರಶ್ನೆ ಯಾಕೆ ಅನ್ನೋದನ್ನು ಬರೀತೀನಿ.

ಮೊದಲು ನಾನು ಯಾರು ಹೇಳೋಕೆ ಅನ್ನೋದು. ಸಂಘಟನೆಗೆ ಪೂರ್ತಿ ಬರುವ ಮೊದಲು ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳ ಕೆಲಸಕ್ಕೆ ಒಬ್ಬ ಗುತ್ತಿಗೆದಾರರ ಕೈಯಲ್ಲಿ ಒಂಬತ್ತು ವರ್ಷ ಫೋರ್ ಬೈ ಫೋರ್ ಜೀಪ್ ಓಡಿಸಿದೆ. ಲಕ್ಕುಂಡಿಯಿಂದ ಡಂಬಳ, ಡೋಣಿ, ಅಲ್ಲಿಂದ ಗುಡ್ಡದ ಮೇಲೆ. ಕೆಳಗೆ ಎರೆಮಣ್ಣು, ಮೇಲೆ ಸಡಿಲು ಕಲ್ಲು, ನಡುವೆ ಡಾಂಬರು. ಒಂದೇ ದಿನದಲ್ಲಿ ಮೂರು ತರಹದ ನೆಲ. ಪುಸ್ತಕ ಆಮೇಲೆ ಓದಿದೆ, ನೆಲ ಮೊದಲು ಕಲಿಸಿತು.

ನಮ್ಮಲ್ಲಿ ಡ್ರೈವರ್ ಇಲ್ಲದ ಓಣಿ ಇಲ್ಲ. ಹೊಲ ಇಲ್ಲ, ಅಂಗಡಿಗೆ ಬಂಡವಾಳ ಇಲ್ಲ, ಪಿಯುಸಿ ಅರ್ಧಕ್ಕೆ ನಿಂತಿದೆ ಅಂದ್ರೆ ಲೈಸನ್ಸ್ ಮಾಡಿಸಿ ಯಾರದೋ ಗಾಡಿ ಹತ್ತೋದೇ ದಾರಿ. ರವಿವಾರ ಬಂತಂದ್ರೆ ನಮ್ಮ ಕಾಶಿ ವಿಶ್ವನಾಥ ಗುಡಿ ಮುಂದೆ, ಮುಸುಕಿನ ಬಾವಿ ದಾರಿಯಲ್ಲಿ ಥಾರ್, ಫಾರ್ಚೂನರ್ ಸಾಲು ನಿಂತಿರ್ತವೆ. ಒಳಗೆ ಫೋಟೋ ತೆಗೆಸಿಕೊಳ್ಳೋರು ಬೇರೆ, ಹೊರಗೆ ನೆರಳಲ್ಲಿ ಚಹಾ ಕುಡೀತಾ ನಿಂತ ಡ್ರೈವರ್ ಬೇರೆ. ಆ ಡ್ರೈವರ್‌ನ ಮಾತಾಡಿಸಿ ನೋಡ್ರಿ, ಬಹಳ ಸಲ ನಮ್ಮವನೇ ಇರ್ತಾನೆ. ಇಪ್ಪತ್ತು ಲಕ್ಷ, ನಲವತ್ತು ಲಕ್ಷದ ಗಾಡಿಯ ಚಾವಿ ಅವನ ಕೈಯಲ್ಲಿ ಇರುತ್ತೆ. ಆದರೆ ಆ ಗಾಡಿ ಒದ್ದೆ ತಿರುವಿನಲ್ಲಿ ಹೇಗೆ ನಡ್ಕೋತದ ಅಂತ ಅವನಿಗೆ ಯಾರೂ ಒಂದು ತಾಸು ಕೂತು ಕಲಿಸಿರೋದಿಲ್ಲ. ಲೈಸನ್ಸ್ ಕೊಡುವಾಗ ಒಣ ಮೈದಾನದಲ್ಲಿ ನಿಧಾನಕ್ಕೆ ಎಂಟು ಬರೆಸ್ತಾರೆ. ರಸ್ತೆ ಮಾತ್ರ ಒಣಗಿಯೇ ಇರ್ತೀನಿ ಅಂತ ಮಾತು ಕೊಟ್ಟಿಲ್ಲ.

ಕಲಿಸದೇ ಚಾವಿ ಕೊಡೋದು ಎಂಥ ಅಪಾಯ ಅನ್ನೋದಕ್ಕೆ ನಮ್ಮ ಬಳಿ ಬಾಬಾಸಾಹೇಬರ ದೇಹದ ಮೇಲೇ ಬರೆದ ಸಾಕ್ಷಿ ಇದೆ. 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಗೊತ್ತು. 1901ರಲ್ಲಿ ಬಾಲಕ ಭೀಮರಾವ್ ಮಸೂರು ಸ್ಟೇಷನ್ನಿನಲ್ಲಿ ಇಳಿದು ಅಪ್ಪನಿದ್ದ ಕೋರೆಗಾಂವಿಗೆ ಹೋಗಬೇಕು. ಮಹಾರರ ಮಕ್ಕಳು ಅಂತ ಗೊತ್ತಾದ ಮೇಲೆ ಬಂಡಿಯವರು ಯಾರೂ ಬರಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ, ಬಂಡಿ ಮಕ್ಕಳೇ ಹೊಡೆಯೋದು, ಬಂಡಿಯ ಮಾಲೀಕ ಪಕ್ಕದಲ್ಲಿ ನಡೆಯೋದು ಅಂತ ಒಪ್ಪಂದ ಆಯ್ತು.

ಇನ್ನೊಂದು 1929ರ ಚಾಳೀಸ್‌ಗಾಂವ್. ಅಷ್ಟು ಹೊತ್ತಿಗೆ ಅವರು ಬ್ಯಾರಿಸ್ಟರ್, ಮುಂಬೈ ಸರ್ಕಾರದ ಸಮಿತಿಯ ಸದಸ್ಯರು. ಟಾಂಗಾದವರು ಅಸ್ಪೃಶ್ಯನನ್ನು ಕೂರಿಸಿ ಓಡಿಸುವುದು ತಮ್ಮ ಘನತೆಗೆ ಕಡಿಮೆ ಅಂದರು. ಮಹಾರವಾಡದ ಜನ ತಮ್ಮ ಅತಿಥಿಯನ್ನು ನಡೆಸಿಕೊಂಡು ಹೋಗಲು ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ಕಿತು, ಓಡಿಸುವವ ಸಿಗಲಿಲ್ಲ. ಎಂದೂ ಟಾಂಗಾ ಹೊಡೆಯದ ನಮ್ಮವನೊಬ್ಬ ಲಗಾಮು ಹಿಡಿದ. ಇನ್ನೂರು ಹೆಜ್ಜೆ ಹೋಗುವುದರೊಳಗೆ ಒಂದು ಮೋಟಾರು ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಮುಂದೆ ನದಿಗೆ ಅಡ್ಡಲಾಗಿ ಗೋಡೆ ಇಲ್ಲದ ಮೋರಿ. ರಸ್ತೆಗೂ ಮೋರಿಗೂ ನೇರ ಸಂಬಂಧ ಇಲ್ಲ, ಚೂಪಾಗಿ ತಿರುಗಿಯೇ ಹತ್ತಬೇಕು. ಆ ತಿರುವಿನಲ್ಲಿ ಕುದುರೆ ಬೆದರಿತು, ಗಾಲಿ ಬದಿಯ ಕಲ್ಲಿಗೆ ಬಡಿಯಿತು. ಬಾಬಾಸಾಹೇಬರು ಎಗರಿ ಕಲ್ಲು ಹಾಸಿನ ಮೇಲೆ ಬಿದ್ದು ಕಾಲು ಮುರಿಯಿತು. ಕುದುರೆ, ಗಾಡಿ ನದಿಗೆ ಬಿದ್ದವು.

ನಾನು ಈ ಭಾಗ ಓದಿದಾಗಲೆಲ್ಲ ಜಾತಿಯ ಜೊತೆಗೆ ಆ ತಿರುವೂ ಕಣ್ಣಿಗೆ ಬರುತ್ತೆ. ಆ ಮಹಾರ ಬಂಧುವಿನ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಧೈರ್ಯದಲ್ಲೂ ಇರಲಿಲ್ಲ. ಅವನಿಗೆ ಕಸುಬು ಕಲಿಯೋಕೆ ಬಿಟ್ಟಿರಲಿಲ್ಲ, ಅಷ್ಟೇ. ತಿರುವಿಗೆ ನಮ್ಮ ಸ್ವಾಭಿಮಾನ ಗೊತ್ತಾಗೋದಿಲ್ಲ. ಅದಕ್ಕೆ ಗೊತ್ತಾಗೋದು ವೇಗ, ಭಾರ, ಹಿಡಿತ. ಹಾಗಾಗಿ ಸ್ವಾಭಿಮಾನ ಇದ್ದವರು ಕಸುಬನ್ನೂ ಪೂರ್ತಿ ಕಲಿಯಬೇಕು.

ಈಗ ಗಾಡಿಯ ಮಾತಿಗೆ ಬರೋಣ.

ಗಾಡಿಗೂ ಭೂಮಿಗೂ ಇರೋ ಸಂಬಂಧ ನಾಲ್ಕು ಅಂಗೈಯಷ್ಟು ಜಾಗ ಮಾತ್ರ, ಒಂದೊಂದು ಟಾಯರಿಗೆ ಒಂದೊಂದು. ಬ್ರೇಕು, ತಿರುಗೋದು, ಮುಂದಕ್ಕೆ ಎಳೆಯೋದು ಮೂರೂ ಅಲ್ಲಿಂದಲೇ ಆಗಬೇಕು. ಹಿಡಿತ ಅನ್ನೋದನ್ನ ಒಂದು ರೊಟ್ಟಿ ಅಂತ ತಿಳಕೊಳ್ರಿ. ಬ್ರೇಕಿಗೆ ದೊಡ್ಡ ತುಣುಕು ಮುರಿದು ಕೊಟ್ರೆ ತಿರುವಿಗೆ ಉಳಿಯೋದು ಚೂರು. ನಾಲ್ಕೂ ಗಾಲಿಗೆ ಎಂಜಿನ್ ಶಕ್ತಿ ಹೋಗೋದರಿಂದ ರೊಟ್ಟಿ ದೊಡ್ಡದಾಗೋದಿಲ್ಲ. ಎಳೆಯೋ ಕೆಲಸ ಎರಡು ಗಾಲಿ ಬದಲು ನಾಲ್ಕು ಗಾಲಿ ಹಂಚಿಕೊಳ್ತವೆ, ಅಷ್ಟೇ. ಅದಕ್ಕೇ ರಾಡಿಯಿಂದ ಎದ್ದು ಬರೋಕೆ, ಏರು ಹತ್ತೋಕೆ, ತಿರುವು ಮುಗಿದ ಮೇಲೆ ಹೊರಗೆ ಎಳೆಯೋಕೆ ಇದು ಬಂಗಾರದಂಥ ಗಾಡಿ. ನಿಲ್ಲೋಕೆ ಮಾತ್ರ ಏನೂ ಹೆಚ್ಚಿನ ಉಪಯೋಗ ಇಲ್ಲ. ಬ್ರೇಕಿಗೆ ಬಂದರೆ ಮಾರುತಿ 800 ಕೂಡ ಫೋರ್ ವೀಲೇ, ನಾಲ್ಕೂ ಗಾಲಿಗೆ ಬ್ರೇಕ್ ಇದ್ದೇ ಇರತೈತಿ.

ಮೋಸ ಇರೋದು ಇಲ್ಲೇ. ಸಾದಾ ಗಾಡಿ ಒದ್ದೆ ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಗಾಲಿ ತಿರುಗಿಸಿ "ನೆಲ ಸರಿ ಇಲ್ಲ ತಮ್ಮಾ" ಅಂತ ಹೇಳತೈತಿ. ಫೋರ್ ವೀಲ್ ಗಾಡಿ ಹೇಳೋದಿಲ್ಲ, ಸುಮ್ಮನೆ ಎಳೆದುಕೊಂಡು ಹೋಗತೈತಿ. ನೆಲ ಎಷ್ಟು ಜಾರು ಅಂತ ಡ್ರೈವರ್‌ಗೆ ಗೊತ್ತಾಗೋದು ಮುಂದಿನ ತಿರುವಿನಲ್ಲಿ ಬ್ರೇಕ್ ಒತ್ತಿದಾಗ. ಅಷ್ಟೊತ್ತಿಗೆ ಮುಳ್ಳು ಎಪ್ಪತ್ತು ದಾಟಿರತೈತಿ.

ಲೆಕ್ಕ ಹೇಳ್ತೀನಿ. 50 ಮೀಟರ್ ತ್ರಿಜ್ಯದ ಒಂದು ಸಮತಟ್ಟು ತಿರುವು ಇದೆ ಅನ್ಕೊಳ್ರಿ. ಟಾಯರ್-ರಸ್ತೆ ಹಿಡಿತದ ಅಂಕಿ 0.7 ಇದ್ದರೆ ಆ ತಿರುವನ್ನು ಹಿಡಿದುಕೊಳ್ಳೋಕೆ ಸಾಧ್ಯ ಇರೋ ಗರಿಷ್ಠ ವೇಗ ಗಂಟೆಗೆ ಸುಮಾರು 67 ಕಿ.ಮೀ. ಅದೇ ತಿರುವಿನಲ್ಲಿ ಮಳೆ, ಮಣ್ಣು, ಸಡಿ ಬಿದ್ದು ಹಿಡಿತ ಅರ್ಧ ಆದರೆ ಸುಮಾರು 47. ಈ ಲೆಕ್ಕದಲ್ಲಿ ಎಷ್ಟು ಗಾಲಿ ಎಳೀತಾವೆ ಅನ್ನೋ ಅಂಕಿ ಎಲ್ಲೂ ಬರೋದಿಲ್ಲ. ಇನ್ನೊಂದು ಮಾತು, ವೇಗ ಒಂದೂವರೆ ಪಟ್ಟು ಆದರೆ ಗಾಡಿಯನ್ನು ಹೊರಗೆ ನೂಕೋ ಬಲ ಒಂದೂವರೆ ಅಲ್ಲ, ಎರಡೂಕಾಲು ಪಟ್ಟು ಆಗತೈತಿ. 40ರಲ್ಲಿ ಆರಾಮ ಅನ್ನಿಸಿದ ತಿರುವು 60ರಲ್ಲಿ ಬೇರೆಯೇ ತಿರುವು.

ಎಲ್ಲ ಫೋರ್ ವೀಲ್ ಒಂದೇ ಅಲ್ಲ. ಥಾರ್ ಫೋರ್ ಬೈ ಫೋರ್, ಜಿಮ್ನಿ ಇಂಥವು ಪಾರ್ಟ್ ಟೈಮ್. ಲಿವರ್ ಎಳೆದು 4ಎಚ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡೂ ಒಂದಕ್ಕೊಂದು ಕಟ್ಟಿದಂಗ ಆಗ್ತವೆ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ರಾಡಿಯಲ್ಲಿ, ಮರಳಲ್ಲಿ ಆ ವ್ಯತ್ಯಾಸ ಟಾಯರ್ ಜಾರಿ ಸರಿಹೋಗತೈತಿ. ಒಣ ಡಾಂಬರಿನಲ್ಲಿ ಜಾರೋಕೆ ಜಾಗ ಇಲ್ಲ. ಸ್ಟೇರಿಂಗ್ ಭಾರ ಆಗತೈತಿ, ಗಾಡಿ ಕುಂಟತೈತಿ, ತಿರುಗಲಾರದೆ ನೇರ ಹೋಗೋಕೆ ನೋಡತೈತಿ, ಕೊನೆಗೆ ಒಳಗಿನ ಸಾಮಾನು ಮುರೀತದ. ಅದಕ್ಕೆ ಗದಗ-ಕೊಪ್ಪಳ ಹೈವೇ ಮೇಲೆ "ಸೇಫ್ಟಿಗೆ ಇರ್ಲಿ" ಅಂತ 4ಎಚ್ ಹಾಕಿ ಓಡಿಸಬ್ಯಾಡ್ರಿ. ಎಕ್ಸ್‌ಯುವಿ700ರ ಆಲ್ ವೀಲ್ ಡ್ರೈವ್ ಬೇರೆ. ಅದರಲ್ಲಿ ಬೇಕಾದಾಗ ಹಿಂದಿನ ಗಾಲಿಗೆ ಶಕ್ತಿ ಕಳಿಸೋ ಕ್ಲಚ್ ಇರತೈತಿ, ಡಾಂಬರಿನಲ್ಲೂ ತೊಂದರೆ ಇಲ್ಲ. ನಿಮ್ಮ ಕೈಗೆ ಬಂದ ಗಾಡಿ ಯಾವ ಜಾತಿದು ಅಂತ ಕೇಳ್ರಿ. ಜಾತಿ ಕೇಳಬೇಕಾದ ಜಾಗ ಅದೊಂದೇ.

ತಿರುವು ತೆಗೆದುಕೊಳ್ಳೋ ಕ್ರಮ ಹೀಗೆ. ತಿರುವಿಗೆ ಮೊದಲೇ, ಸ್ಟೇರಿಂಗ್ ನೇರ ಇರುವಾಗಲೇ ಬ್ರೇಕ್ ಮುಗಿಸಬೇಕು. ಗೇರ್ ಇಳಿಸೋದೂ ಆಗಲೇ. ಆಮೇಲೆ ಬ್ರೇಕ್ ನಿಧಾನಕ್ಕೆ ಬಿಟ್ಟು ಸ್ಟೇರಿಂಗ್ ತಿರುಗಿಸಬೇಕು, ಒಮ್ಮೆಲೇ ಜಗ್ಗಬಾರದು. ಕಣ್ಣು ಬಾನೆಟ್ ಮೇಲೆ ಅಲ್ಲ, ತಿರುವು ಎಲ್ಲಿ ಮುಗಿಯುತ್ತೆ ಅಲ್ಲಿ. ಕಣ್ಣು ಹೋದ ಕಡೆ ಕೈ ಹೋಗತಾವ, ಕೈ ಹೋದ ಕಡೆ ಗಾಡಿ. ತಿರುವಿನ ನಡುವೆ ಆಕ್ಸಿಲರೇಟರ್ ಸಮ ಇರಲಿ, ಹೆಚ್ಚೂ ಬೇಡ, ಪೂರ್ತಿ ಬಿಡೋದೂ ಬೇಡ. ಮೂಗು ಹೊರದಾರಿ ಕಂಡ ಮೇಲೆ ಮೆಲ್ಲಗೆ ಒತ್ತು. ನಾಲ್ಕು ಗಾಲಿಯ ಲಾಭ ಸಿಗೋದು ಇಲ್ಲಿ, ಹೊರಗೆ ಬರುವಾಗ. ಒಳಗೆ ನಿಧಾನ, ಹೊರಗೆ ಬಿರುಸು ಅಂತ ನೆನಪಿಡ್ರಿ. ಎದುರು ಗಾಡಿ ಕಾಣದ ತಿರುವಿನಲ್ಲಿ ನಿಮ್ಮ ಬದಿ ಬಿಟ್ಟು ಒಳಗೆ ಕತ್ತರಿಸಬ್ಯಾಡ್ರಿ, ಎಂಥ ಡ್ರೈವರ್ ಆದರೂ.

ವೇಗ ಹೆಚ್ಚಾಗಿ ಒಳಗೆ ಹೋದರೆ ಫೋರ್ ವೀಲ್ ಗಾಡಿ ಬಹುಮಟ್ಟಿಗೆ ಮೂಗು ಹೊರಗೆ ಹಾಕತೈತಿ. ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ನೇರ ಹೋಗ್ತಾ ಇರತೈತಿ. ಆಗ ಹುಡುಗರು ಎರಡು ಕೆಲಸ ಮಾಡ್ತಾರೆ, ಸ್ಟೇರಿಂಗ್ ಇನ್ನೂ ತಿರುಗಿಸ್ತಾರೆ, ಇಲ್ಲ "ಫೋರ್ ವೀಲ್ ಎಳೆದು ಬಿಡತೈತಿ" ಅಂತ ಆಕ್ಸಿಲರೇಟರ್ ಒತ್ತಾರೆ. ಎರಡೂ ಮುಂದಿನ ಟಾಯರಿಗೆ ಹೊರೆ. ಮಾಡಬೇಕಾದ್ದು: ಆಕ್ಸಿಲರೇಟರ್ ಮೆಲ್ಲಗೆ ಬಿಡು, ಭಾರ ಮುಂದೆ ಬರಲಿ, ಸ್ಟೇರಿಂಗ್ ಒಂದು ಚೂರು ಸಡಿಲಿಸು, ಟಾಯರ್ ಮತ್ತೆ ಹಿಡಿದ ಮೇಲೆ ತಿರುಗಿಸು. ಹಿಂದಿನ ಭಾಗ ಜಾರಿದರೆ ನೀನು ಹೋಗಬೇಕಾದ ಕಡೆ ನೋಡು, ಆ ಕಡೆಗೇ ಸ್ಟೇರಿಂಗ್ ಕೊಡು, ಬ್ರೇಕ್ ಮೇಲೆ ನಿಲ್ಲಬೇಡ. ಏನಾದರೂ ಎದುರಿಗೆ ಬಂದು ನಿಲ್ಲಿಸಲೇಬೇಕು ಅಂದ್ರೆ, ಎಬಿಎಸ್ ಇರೋ ಗಾಡಿಯಲ್ಲಿ ಪೂರ್ತಿ ಒತ್ತಿ ಹಿಡಿ. ಪೆಡಲ್ ಗಡಗಡ ಅಂದ್ರೆ ಹೆದರಿ ಬಿಡಬೇಡ, ಅದು ಕೆಲಸ ಮಾಡೋ ಸದ್ದು.

ನಮ್ಮ ಎರೆಮಣ್ಣಿನ ಮಾತು ಪ್ರತ್ಯೇಕ. ನೀರು ಕುಡಿದು ಉಬ್ಬೋ ಮಣ್ಣು ಇದು, ಬೇಸಿಗೆಯಲ್ಲಿ ಅಂಗೈ ಹೋಗೋವಷ್ಟು ಬಿರುಕು ಬಿಡತೈತಿ. ಮುಂಗಾರಿನ ಮೊದಲ ಮಳೆ ಬಿದ್ದರೆ ಟಾಯರಿನ ಗೆರೆಗಳೊಳಗೆ ಅಂಟಿಕೊಂಡು ಟಾಯರ್ ಬೋಳು ಆಗತೈತಿ. ಆ ಮೇಲೆ ಎಷ್ಟು ಗಾಲಿ ತಿರುಗಿದರೂ ಒಂದೇ. ಹೊಲದ ದಾರಿಯಲ್ಲಿ 4ಎಚ್, ಎರಡನೇ ಗೇರ್, ಒಂದೇ ಸಮ ವೇಗ, ಸ್ಟೇರಿಂಗ್ ಆದಷ್ಟು ನೇರ, ನಡುವೆ ನಿಲ್ಲಿಸೋದಿಲ್ಲ. ಚಕ್ಕಡಿ ಹೊಡೆಯೋ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು, ಹಸಿ ಎರಿಯಲ್ಲಿ ಎತ್ತು ನಿಲ್ಲಿಸಬ್ಯಾಡ ಅಂತಿದ್ರು. ಸಿಕ್ಕಿಬಿದ್ದರೆ ಗಾಲಿ ಗರಗರ ತಿರುಗಿಸಬ್ಯಾಡ್ರಿ, ನಿಮ್ಮ ಕುಣಿ ನೀವೇ ತೋಡಿದಂಗ. ಸಾದಾ ಡಿಫರೆನ್ಷಿಯಲ್ ಇದ್ದರೆ ಹಿಡಿತ ಇಲ್ಲದ ಗಾಲಿಯೇ ಖಾಲಿ ತಿರುಗತೈತಿ, ಹಿಡಿತ ಇದ್ದದ್ದು ಸುಮ್ಮನೆ ನಿಂತಿರತೈತಿ. ಇಳಿದು ಗಾಲಿ ಮುಂದಿನ ರಾಡಿ ತೆಗೀರಿ, ಗೋಣಿಚೀಲ, ಜಾಲಿ ಟೊಂಗೆ, ಕಣಿಕೆ ಹಾಕ್ರಿ. ಟಾಯರಿನ ಗಾಳಿ 32ರಿಂದ 20ಕ್ಕೆ ಇಳಿಸಿದರೆ ತಳ ಅಗಲ ಆಗತೈತಿ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು, ಅದೇ ಗಾಳಿಯಲ್ಲಿ ವೇಗವಾಗಿ ತಿರುವು ತಗೊಂಡ್ರೆ ಟಾಯರ್ ರಿಮ್ಮಿನಿಂದ ಕಳಚೋ ಅಪಾಯ. ಮತ್ತೆ ಹೊಲದಿಂದ ಹೈವೇಗೆ ಹತ್ತಿದ ಮೇಲೆ ಮೊದಲ ಒಂದು ಕಿಲೋಮೀಟರ್ ನಿಧಾನ. ಟಾಯರಿಗೆ ಮೆತ್ತಿದ ಎರಿ ಉದುರೋವರೆಗೂ ನಿಮ್ಮ ಗಾಡಿ ಡಾಂಬರಿನ ಮೇಲಿದ್ದರೂ ಹೊಲದಲ್ಲೇ ಇದ್ದಂಗ.

ಗುಡ್ಡದ ಇಳಿಜಾರಿಗೆ ಎರಡೇ ಮಾತು. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಿ ಇಳಿಸಬ್ಯಾಡ್ರಿ. ಹತ್ತೋಕೆ ಯಾವ ಗೇರ್ ಬೇಕಿತ್ತೋ ಇಳಿಯೋಕೂ ಅದೇ ಗೇರ್, ಸಡಿಲು ಕಲ್ಲಿನ ಕಡಿದಾದ ಇಳಿಜಾರಿದ್ದರೆ 4ಎಲ್. ಎಂಜಿನ್ ನಾಲ್ಕೂ ಗಾಲಿಯನ್ನು ಸಮನಾಗಿ ತಡೆದು ಹಿಡಿಯೋದು ಫೋರ್ ವೀಲಿನ ದೊಡ್ಡ ಉಪಕಾರ, ಬ್ರೇಕ್ ಕಾದು ಸೋಲೋದಿಲ್ಲ.

"ರ್‍ಯಾಲಿಯವರು ಹಂಗ ಹೊಡೀತಾರಲ್ಲ" ಅಂತ ರೀಲ್ಸ್ ನೋಡಿದ ಹುಡುಗರು ಕೇಳ್ತಾರೆ. ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ದಾರಿಯಲ್ಲೇ ಏಷ್ಯಾ ಪೆಸಿಫಿಕ್ ರ್‍ಯಾಲಿಯ ಸುತ್ತುಗಳು ನಡೆದಿವೆ. ಗೌರವ್ ಗಿಲ್ ನಾಲ್ಕೂ ಗಾಲಿ ಎಳೆಯೋ ಸ್ಕೋಡಾ ಫಾಬಿಯಾದಲ್ಲಿ 2013, 2016, 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದರು. ಆದರೆ ರ್‍ಯಾಲಿಗೆ ಮೊದಲು ಅದೇ ದಾರಿಯಲ್ಲಿ ನಿಧಾನಕ್ಕೆ ಹೋಗಿ ಒಂದೊಂದು ತಿರುವನ್ನೂ ಬರೆದುಕೊಂಡಿರ್ತಾರೆ. ಪಕ್ಕದಲ್ಲಿ ಕೂತವರು ಅದನ್ನು ಓದಿ ಹೇಳ್ತಾ ಇರ್ತಾರೆ: ಎಡ, ಎಷ್ಟು ಚೂಪು, ಮುಂದೆ ಇನ್ನೂ ಕಿರಿದು. ರಸ್ತೆಯಲ್ಲಿ ಎದುರು ಗಾಡಿ ಇಲ್ಲ, ದನ ಇಲ್ಲ, ಒಳಗೆ ಕಬ್ಬಿಣದ ಪಂಜರ, ತಲೆಗೆ ಹೆಲ್ಮೆಟ್. ನೋಡೋಕೆ ಹುಚ್ಚು ಅನಿಸಿದರೂ ಅದು ಪೂರ್ತಿ ಲೆಕ್ಕ. ಅಲ್ಲಿಂದ ಕಲಿಯೋದಾದ್ರೆ ಆ ಬರವಣಿಗೆ ಕಲೀರಿ. ದಿನಾ ಹೋಗೋ ದಾರಿಯ ಕೆಟ್ಟ ತಿರುವುಗಳನ್ನು ಬಾಯಿಪಾಠ ಮಾಡ್ರಿ.

ಇನ್ನೊಂದು ಹೆಸರು ಹೇಳಬೇಕು. 1980ರಲ್ಲಿ ಆಡಿ ಕಂಪನಿ ಕ್ವಾಟ್ರೋ ಅಂತ ಫೋರ್ ವೀಲ್ ಕಾರು ತಂದಿತು. ಎಂಜಿನ್ ಮೂಗಿನ ತುದಿಯಲ್ಲಿ, ತಿರುವಿನಲ್ಲಿ ಹೊರಗೆ ಹೋಗೋ ಚಾಳಿ. ಆ ಭಾರದ ಗಾಡಿಯನ್ನು ಪಳಗಿಸಿ 1981ರ ಸಾನ್‌ರೆಮೋ ರ್‍ಯಾಲಿ ಗೆದ್ದವರು ಫ್ರಾನ್ಸಿನ ಮಿಶೆಲ್ ಮೂಟಾಂ, ವಿಶ್ವ ಚಾಂಪಿಯನ್‌ಶಿಪ್ ರ್‍ಯಾಲಿ ಗೆದ್ದ ಮೊದಲ ಹೆಣ್ಣುಮಗಳು. ಸ್ಟೇರಿಂಗ್ ಗಂಡಸರ ಕಸುಬು ಅನ್ನೋರಿಗೂ, ಇಂಥವರ ಕಸುಬಲ್ಲ ಅನ್ನೋರಿಗೂ ಉತ್ತರ ಒಂದೇ: ಕಲಿಸಿ ನೋಡ್ರಿ. ನಮ್ಮ ತಂಗಿಯರು ಲೈಸನ್ಸ್ ಮಾಡಿಸ್ತೀನಿ ಅಂದ್ರೆ ಮನೆಯವರು ತಡೀಬ್ಯಾಡ್ರಿ.

ಈಗ ಕಷ್ಟದ ಮಾತು. ಎಷ್ಟೇ ಕಲಿತರೂ ಗಾಡಿಯ ವೇಗ ಬಹಳ ಸಲ ಡ್ರೈವರ್ ಕಾಲಲ್ಲಿ ಇರೋದಿಲ್ಲ, ಹಿಂದಿನ ಸೀಟಿನ ಬಾಯಲ್ಲಿ ಇರುತ್ತೆ. ಗುಡ್ಡದ ಕೆಲಸದ ದಿನಗಳಲ್ಲಿ ಒಂದು ರಾತ್ರಿ ಮಳೆ. ಡೋಣಿ ಕಡೆ ಇಳೀತಾ ಇದ್ವಿ. ಹಿಂದೆ ಕೂತ ಸಾಹೇಬರು "ಫೋರ್ ವೀಲ್ ಐತಲ್ಲೋ, ಯಾಕ ಹೆದರತಿ? ಜಲ್ದಿ ಹೊಡಿ, ರೈಲು ತಪ್ಪತೈತಿ" ಅಂದ್ರು. ನಾನು "ಸರ್, ರೈಲು ನಾಳೆನೂ ಐತ್ರಿ" ಅಂದು ಇಪ್ಪತ್ತೈದರಲ್ಲೇ ಇಳಿಸಿದೆ. ಮುಂದಿನ ತಿಂಗಳು ಆ ಗಾಡಿಯಿಂದ ನನ್ನನ್ನು ಇಳಿಸಿ ಬೇರೆ ಗಾಡಿಗೆ ಹಾಕಿದರು. ಕಾರಣ ಹೇಳಲಿಲ್ಲ. ಹೊಟ್ಟೆಪಾಡಿನ ಡ್ರೈವರ್‌ಗೆ "ಆಗೋದಿಲ್ಲ" ಅನ್ನೋ ಒಂದು ಪದದ ಬೆಲೆ ಎಷ್ಟು ಅಂತ ನನಗೆ ಗೊತ್ತು.

ಆದರೆ ಹೇಳದಿದ್ದರೆ ಬೆಲೆ ಇನ್ನೂ ದೊಡ್ಡದು. ಅಪಘಾತದಲ್ಲಿ ಜೀವ ಹೋದರೆ ಎಫ್‌ಐಆರ್‌ನಲ್ಲಿ ಬರೋದು ಚಾಲಕನ ಹೆಸರು, "ಜಲ್ದಿ ಹೊಡಿ" ಅಂದವರದಲ್ಲ. ಮೊದಲು ಐಪಿಸಿ 304ಎ ಇತ್ತು, ಎರಡು ವರ್ಷದವರೆಗೆ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಐದು ವರ್ಷದವರೆಗೆ. ಸವೆದ ಟಾಯರ್ ಬದಲಿಸದ ಮಾಲೀಕ ಕೋರ್ಟಿಗೆ ಸಾಕ್ಷಿಯಾಗಿಯೂ ಬರದೆ ಇರಬಹುದು. ಟಾಯರಿನ ಗೆರೆ ಒಳಗೆ ಸಣ್ಣ ಉಬ್ಬು ಇರುತ್ತೆ, ಗೆರೆ ಸವೆದು ಅದರ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್, ಅಲ್ಲಿಗೆ ಟಾಯರ್ ಮುಗಿಯಿತು. ಫೋರ್ ವೀಲ್ ಗಾಡಿಗೆ ನಾಲ್ಕೂ ಟಾಯರ್ ಒಂದೇ ಅಳತೆ, ಸವೆತವೂ ಸರಿಸುಮಾರು ಒಂದೇ ಇರಬೇಕು. ಎರಡು ಹೊಸದು ಎರಡು ಹಳೇದು ಹಾಕಿಕೊಟ್ಟರೆ ಫೋಟೋ ತೆಗೆದು ಮಾಲೀಕರಿಗೆ ವಾಟ್ಸ್ಆಪ್ ಮಾಡ್ರಿ. ಬರವಣಿಗೆಯಲ್ಲಿ ಇರಲಿ.

ಮತ್ತೆ ಜನ. ಮೆಣಸಿನಕಾಯಿ ಬಿಡಿಸೋಕೆ, ಶೇಂಗಾ ಕೀಳೋಕೆ ಹೋಗೋ ನಮ್ಮ ತಾಯಂದಿರನ್ನು ಗೂಡ್ಸ್ ಗಾಡಿಯಲ್ಲಿ ನಿಲ್ಲಿಸಿಕೊಂಡು ಹೋಗ್ತಾರೆ. ನಿಂತ ಜನರಿಂದ ಗಾಡಿಯ ಭಾರ ಮೇಲೇರತೈತಿ. ಟಾಯರ್ ಜಾರೋ ಮೊದಲೇ ಗಾಡಿ ಮಗುಚತೈತಿ, ತಿರುವಿನಲ್ಲಿ ಎಲ್ಲರೂ ಒಂದೇ ಬದಿಗೆ ವಾಲಿದಾಗ ಇನ್ನೂ ಬೇಗ. ಅಲ್ಲಿ ಎರಡು ಗಾಲಿಯೂ ಇಲ್ಲ, ನಾಲ್ಕು ಗಾಲಿಯೂ ಇಲ್ಲ. ಗೂಡ್ಸ್ ಗಾಡಿಯಲ್ಲಿ ಕೂತವರ ಪರಿಹಾರಕ್ಕೆ ವಿಮೆಯವರ ತಕರಾರು ಬೇರೆ. ಅಲ್ಲಿ ಸ್ಟೇರಿಂಗ್ ಹಿಡಿದವನೂ ನಮ್ಮವನೇ, ಹಿಂದೆ ನಿಂತವರೂ ನಮ್ಮವರೇ. ಕೂಲಿ ಮಾತಾಡುವಾಗಲೇ ಕೂತು ಹೋಗೋ ಗಾಡಿಯನ್ನೂ ಮಾತಾಡ್ರಿ.

ಸಂಘಟನೆಯ ಗೆಳೆಯರಿಗೆ ನನ್ನ ಬೇಡಿಕೆ. ಐರಾವತ, ಸ್ವಾವಲಂಬಿ ಸಾರಥಿ ಅಂತ ಗಾಡಿಗೆ ಸಬ್ಸಿಡಿ ಕೊಡೋ ಯೋಜನೆಗಳ ಅರ್ಜಿ ತುಂಬಿಸೋಕೆ ನಾವೇ ಮುಂದೆ ನಿಲ್ತೀವಿ, ನಿಲ್ಲಬೇಕು. ಅದರ ಜೊತೆಗೆ ಒದ್ದೆ ನೆಲದ ಮೇಲೆ ಬ್ರೇಕು, ತಿರುವು, ಜಾರಿಕೆ ಕಲಿಸೋ ತರಬೇತಿಯನ್ನೂ ಹಕ್ಕಾಗಿ ಕೇಳೋಣ. ಮುಂದಿನ ಮನವಿ ಪತ್ರದಲ್ಲಿ ಈ ಒಂದು ಸಾಲು ಸೇರಿಸ್ರಿ.

ಅದು ಬರೋವರೆಗೆ ಕಾಯಬೇಕಿಲ್ಲ. ಈ ಮುಂಗಾರಿಗೆ ಊರ ಹೊರಗಿನ ಒಂದು ಬೀಳು ಹೊಲ ಕೇಳಿಕೊಂಡಿದೀವಿ. ಹಳೇ ಟಾಯರ್ ಇಟ್ಟು ತಿರುವು ಮಾಡ್ತೀವಿ, ವೇಗ ಮೂವತ್ತು ದಾಟೋ ಹಂಗಿಲ್ಲ. ಗಾಡಿ ಜಾರೋದು ಹೇಗಿರುತ್ತೆ ಅಂತ ಮೊದಲ ಸಲ ಗೊತ್ತಾಗಬೇಕಾದ್ದು ಅಲ್ಲಿ, ಹೈವೇ ತಿರುವಿನಲ್ಲಿ ಅಲ್ಲ. ಲೈಸನ್ಸ್ ಇದ್ದವರು, ಸೀಟ್ ಬೆಲ್ಟ್ ಹಾಕೋರು, ಕುಡಿಯದೆ ಬರೋರು ಯಾರಾದರೂ ಬರ್ರಿ. ಯಾವ ಓಣಿಯವರು ಅಂತ ಕೇಳೋದಿಲ್ಲ.

ನಿಮ್ಮ ಡ್ರೈವರ್ ಗೆಳೆಯರಿಗೆ ಇದನ್ನು ಕಳಿಸ್ರಿ. ಅವರು ಓದೋಕೆ ಬೇಸರ ಮಾಡ್ಕೊಂಡ್ರೆ ಇಷ್ಟು ಹೇಳ್ರಿ: ಗಾಡಿ ಎಷ್ಟು ಗಾಲಿಯಿಂದ ಎಳೆದರೂ ತಿರುವಿಗೆ ಮೊದಲು ಬ್ರೇಕ್, ತಿರುವಿನಲ್ಲಿ ಸಮಾಧಾನ, ತಿರುವಿನ ಆಚೆ ಆಕ್ಸಿಲರೇಟರ್. ಹಿಂದಿನಿಂದ ಯಾರು ಎಷ್ಟು ಕೂಗಿದರೂ ಈ ಕ್ರಮ ಬದಲಾಗಬಾರದು.

ಜೈಭೀಮ್.